ಅಬ್ರಹಾಮಜ್ಜನ ಅಂಗೈ

ಚಾಂದಸಾಬನ ಆಟೋ ಮನೆ ಮುಂದೆ ಬಂದು ನಿಂತಾಗ ರಾಚಯ್ಯ ಮಾಸ್ತರರು ಬೆಳಗಿನ ಪೂಜೆ ಮುಗಿಸಿ, ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಜಂಗಮರ ಮನೆತನದ ಅವರು ಕಮತಗಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ, ಆರು ವರ್ಷದ ಹಿಂದೆ ನಿವೃತ್ತರಾಗಿದ್ದರು. ಬಾದಾಮಿಯಲ್ಲಿ ಆಟೋ ಓಡಿಸುವ ಚಾಂದಸಾಬ ಅವರ ಕೈಯಲ್ಲಿ ಕಲಿತವನು. ಪ್ರವಾಸಿಗರು ಕೇಳಿದ ಪ್ರಶ್ನೆಗೆ ತನ್ನಲ್ಲಿ ಉತ್ತರವಿಲ್ಲದಾಗ ಫೋನು ಮಾಡಿ ಮಾಸ್ತರರನ್ನು ಕೇಳುವುದು ಅವನ ರೂಢಿ. ಪ್ರಶ್ನೆ ಕೇಳಿದವರನ್ನೇ ಮನೆಗೆ ಕರೆತಂದದ್ದು ಮಾತ್ರ ಇದೇ ಮೊದಲು.

“ಸರ್ರ, ಇವರು ಒಂದು ವಸ್ತು ತಂದಾರ್ರಿ. ಅದನ್ನ ನೋಡಿದ ಮ್ಯಾಲ ನನಗ ಫೋನಿನ್ಯಾಗ ಕೇಳೂದು ಸರಿ ಅನಸಲಿಲ್ಲ.”

ಆಟೋದಿಂದ ಇಳಿದವರು ಬೆಳ್ಳಿಗೂದಲಿನ ಎತ್ತರದ ವಿದೇಶಿ ಹೆಂಗಸು. ಮಾಸ್ತರರು ತಮ್ಮ ಇಂಗ್ಲಿಷನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ಆಕೆಯೇ ಕೈಮುಗಿದು, “ಶರಣ್ರಿ ಮಾಸ್ತರ್ರ. ಆರಾಮ ಅದೀರೇನ್ರಿ?” ಎಂದರು.

ಒಳಗಿನಿಂದ ಬಂದ ಮಾಸ್ತರರ ಹೆಂಡತಿ ಸಂಗವ್ವ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. “ಅಯ್ಯ, ಇವರು ನಮ್ಮಂಗ ಮಾತಾಡ್ತಾರಲ್ಲ!”

“ಬಾಣಂತ್ಯಾರು ಕಲಿಸಿದ ಕನ್ನಡರಿ ಇದು,” ಎಂದರು ಆಕೆ. ಹೆಸರು ಮಾರ್ಥಾ. ಊರು ಸ್ವಿಟ್ಜರ್ಲೆಂಡಿನ ಒಂದು ಹಳ್ಳಿ. ಇಪ್ಪತ್ತೈದರ ವಯಸ್ಸಿನಲ್ಲಿ ಗದಗ ಬೆಟಗೇರಿಗೆ ನರ್ಸಾಗಿ ಬಂದು ಆರು ವರ್ಷ ಹೆರಿಗೆ ವಾರ್ಡಿನಲ್ಲಿದ್ದರಂತೆ. ಈಗ ಅರವತ್ತೆಂಟು. ಆಗ ಕಲಿತ ಮಾತು ಬಾಯಿ ಬಿಟ್ಟು ಹೋಗಿಲ್ಲ, ಕೆಲವು ಶಬ್ದ ಮಾತ್ರ ಸಿಗುವುದಿಲ್ಲ ಎಂದರು.

ಸಂಗವ್ವ ಕರದಂಟು ಕೊಟ್ಟು ಚಹಾ ಇಡಲು ಒಳಗೆ ಹೋದಳು. ಮಾರ್ಥಾ ತಮ್ಮ ಚೀಲದಿಂದ ಒಂದು ಸಣ್ಣ ಕಟ್ಟಿಗೆಯ ಡಬ್ಬಿ ತೆಗೆದು, ಮುಚ್ಚಳ ತೆರೆದು ಮಾಸ್ತರರ ಮುಂದೆ ಹಿಡಿದರು. ಒಳಗೆ ಮಾಸಿದ ಅರಿವೆಯ ಮೇಲೆ ಒಂದು ಇಷ್ಟಲಿಂಗವಿತ್ತು. ಮೇಲಿನ ಕಪ್ಪು ಲೇಪ, ಕಂಥಿ, ಒಂದು ಕಡೆ ಬಿರಿದಿತ್ತು. ಪಕ್ಕದಲ್ಲಿ ಶಿವದಾರದ ತುಂಡು, ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು.

ಮಾಸ್ತರರು ಎದ್ದು ನಿಂತರು. ಕೈ ತಾನಾಗಿ ತಮ್ಮ ಎದೆಯ ಮೇಲಿನ ಕರಡಿಗೆಗೆ ಹೋಯಿತು.

“ಇದು ನಿಮ್ಮ ಕಡೆ ಹೆಂಗ ಬಂತು?”

“ನಮ್ಮ ಮುತ್ಯಾರ ಅಪ್ಪ ಗುಳೇದಗುಡ್ಡದಾಗ ಪಾದ್ರಿ ಆಗಿದ್ರು. ನೂರೈವತ್ತು ವರ್ಷದ ಹಿಂದಿನ ಮಾತು. ಗುರಪ್ಪ ಅನ್ನಾಂವ ಒಬ್ಬ ನೇಕಾರ ಕ್ರೈಸ್ತ ಆದಾಗ ಇದನ್ನ ಅವರ ಕೈಗೆ ಕೊಟ್ಟ. ಅವರು ಊರಿಗೆ ಹೋಗುವಾಗ ಸಂಗಾಟ ಒಯ್ದರು. ನಮ್ಮ ಮನ್ಯಾಗ ಕಪಾಟಿನೊಳಗ ಇತ್ತು. ನಾ ಸಣ್ಣಾಕಿದ್ದಾಗ ಇದು ಚೆಸ್ ಆಟದ ಕಾಯಿ ಅಂತ ತಿಳಿದಿದ್ದೆ.”

ಹುಟ್ಟಿದ ಮಗುವಿಗೆ ಕಟ್ಟುವ ಲಿಂಗ ಅದು. ಸತ್ತಾಗ ಅಂಗೈಯಲ್ಲಿಟ್ಟು ಮಣ್ಣಿಗೆ ಕಳಿಸುತ್ತಾರೆ. ಯಾರದೋ ಜೀವದ ಜೊತೆ ಹೋಗಬೇಕಾದದ್ದು ಯಾರದೋ ಕಪಾಟಿನಲ್ಲಿ ಕೂತಿತ್ತು. ಮತಾಂತರದ ಇಂಥ ಕಥೆಗಳನ್ನು ಹೇಳುವಾಗ ತಮ್ಮ ಅಜ್ಜ ಹಲ್ಲು ಕಚ್ಚುತ್ತಿದ್ದುದು ಮಾಸ್ತರರಿಗೆ ನೆನಪಾಯಿತು.

“ಕೊಟ್ಟ ಅಂತೀರಿ. ಕಸಗೊಂಡ್ರೋ ಏನೋ ಯಾರಿಗೆ ಗೊತ್ತು?”

ಮಾರ್ಥಾ ತಲೆ ತಗ್ಗಿಸಲಿಲ್ಲ, ವಾದಕ್ಕೂ ಇಳಿಯಲಿಲ್ಲ. “ಅದಕ್ಕ ತಂದೀನ್ರಿ. ಅವನ ವಂಶದವರು ಗುಳೇದಗುಡ್ಡದಾಗ ಅದಾರಂತ. ಚರ್ಚಿನ ಹಳೇ ಪುಸ್ತಕದಾಗ ಹೆಸರು ಸಿಕ್ತು. ಅವರಿಗೆ ಮುಟ್ಟಸ್ಬೇಕು. ಆದರ ಇದನ್ನ ಹೆಂಗ ಹಿಡೀಬೇಕು, ಯಾವ ಕೈಯಾಗ ಕೊಡಬೇಕು, ನನಗ ಗೊತ್ತಿಲ್ಲ. ನೀವು ಸಂಗಾಟ ಬಂದ್ರ ಛಲೋ ಆಗ್ತೈತಿ.”

ಬರುವುದಿಲ್ಲ ಎಂದು ಹೇಳಲೆಂದೇ ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಚಹಾ ಹಿಡಿದು ಬಂದ ಸಂಗವ್ವ ಡಬ್ಬಿಯನ್ನು ನೋಡಿದಳು. ಕಪ್ಪು ಕೆಳಗಿಟ್ಟು ಸೆರಗು ಹೊದ್ದು ಅದಕ್ಕೆ ನಮಸ್ಕರಿಸಿದಳು.

“ನೂರೈವತ್ತು ವರ್ಷ ಕಪಾಟಿನ್ಯಾಗ ಕುಂತೈತಿ. ಈಗ ನೀವು ಸಿಟ್ಟು ಮಾಡಿ ಇನ್ನಷ್ಟು ಕುಂದ್ರಸಬ್ಯಾಡ್ರಿ,” ಎಂದು ಗಂಡನಿಗೆ ಹೇಳಿದಳು. “ಈ ಬಾಯಾರು ಸಮುದ್ರ ದಾಟಿ ಬಂದಾರ. ನಿಮಗ ಗುಳೇದಗುಡ್ಡ ದೂರ ಆತೇನು?”

ಮಾಸ್ತರರು ಅಂಗಿ ಹಾಕಿಕೊಂಡರು.

ಹೊರಡುವ ಮುನ್ನ ಅವರು ಡಬ್ಬಿಯ ಮಾಸಿದ ಅರಿವೆ ತೆಗೆಸಿ, ಸಂಗವ್ವ ಕೊಟ್ಟ ಹೊಸ ಬಿಳಿ ವಸ್ತ್ರದಲ್ಲಿ ಲಿಂಗವನ್ನು ಸುತ್ತಿಸಿದರು. ಮುಟ್ಟಿದ್ದು ಮಾರ್ಥಾ, ಹೇಳಿಕೊಟ್ಟದ್ದು ಮಾತ್ರ ಅವರು. ಇನ್ನೊಬ್ಬರ ಲಿಂಗವನ್ನು ತಾವು ಕೈಯಾರೆ ಎತ್ತಲು ಅವರಿಗೆ ಮನಸ್ಸು ಬರಲಿಲ್ಲ.

ದಾರಿಯಲ್ಲಿ ಜೋಳದ ಹೊಲಗಳು ಮುಗಿದು ಕೆಂಪು ಕಲ್ಲಿನ ಗುಡ್ಡಗಳು ಶುರುವಾಗುವಲ್ಲಿ ಚಾಂದಸಾಬ ಒಂದು ಬೇವಿನ ಮರದ ಕೆಳಗೆ ಆಟೋ ನಿಲ್ಲಿಸಿ, ಚಕ್ರದ ಗಾಳಿ ನೋಡುತ್ತೇನೆಂದು ಇಳಿದ. ಮಾರ್ಥಾ ಆಗ ಕೇಳಿದರು.

“ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ದಿನಾ ಅಂಗೈ ಮ್ಯಾಲ ಇಟ್ಟು ಏನ ನೋಡ್ತೀರಿ?”

ಮಾಸ್ತರರು ಇದಕ್ಕೆ ನೂರು ಸಲ ಉತ್ತರ ಹೇಳಿದವರು. ಮಠದ ಸಭೆಗಳಲ್ಲಿ, ಮದುವೆಗೆ ಬಂದ ಹುಡುಗರಿಗೆ, ಒಮ್ಮೆ ರೇಡಿಯೋದಲ್ಲಿ ಕೂಡ. “ಮೊದಲ ಲಿಂಗ ನೋಡ್ತೇನಿ. ನೋಡ್ತಾ ನೋಡ್ತಾ ನಾ ಬ್ಯಾರೆ, ಲಿಂಗ ಬ್ಯಾರೆ ಅನ್ನೂದು ಸಡಲಾಗ್ತೈತಿ. ಕಡೀಕ ಬರೇ ಅರಿವು ಉಳೀತೈತಿ. ಅದಕ್ಕ ನಾವು ದೇವರು ಅಂತೇವಿ.”

“ಆ ಅರಿವಿಗೆ ನಿಮ್ಮ ಹೆಸರು ಗೊತ್ತೈತೇನ್ರಿ?”

ಇದನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ದೇವರಿಗೆ ಗೊತ್ತೈತೇನು?” ಎಂದು ತಿರುಗಿ ಕೇಳಿದರು.

“ಗೊತ್ತೈತಿ ಅಂತ ನಮ್ಮವ್ವ ಕಲಿಸಿದ್ಲು. ಅಂವ ಬ್ಯಾರೆ, ನಾ ಬ್ಯಾರೆ. ಅಂವ ಹೆಸರು ಹಿಡಿದು ಕರೀತಾನ, ನಾವು ಓ ಅನ್ನೂದು.” ಮಾರ್ಥಾ ಹೊರಗೆ ಗುಡ್ಡದ ಕಡೆ ನೋಡಿದರು. “ನಮ್ಮ ಯಜಮಾನ್ರು ತೀರಿ ನಾಕು ವರ್ಷ ಆತು. ಅವತ್ತಿಂದ ನಾ ದಿನಾ ಮಾತಾಡ್ತೀನಿ, ಆ ಕಡಿಂದ ಒಂದು ಶಬ್ದ ಇಲ್ಲ. ಯಾರೂ ಇಲ್ಲದ ಮನಿ ಬಾಗಲಾ ಬಡಿದಂಗ ಆಗೈತಿ.”

“ನಾವು ಅದ ಮೌನಕ್ಕ ಅಂತ ದಿನಾ ಕುಂದರ್ತೇವ್ರಿ,” ಎಂದರು ಮಾಸ್ತರರು. “ನಿಮಗ ಅದು ಪುಕ್ಕಟೆ ಸಿಕ್ಕೈತಿ, ನೀವು ಅಳಾಕತ್ತೀರಿ.”

ಮಾರ್ಥಾ ನಕ್ಕರು. ಆ ನಗು ಕೇಳಿ ಮಾಸ್ತರರ ಬಿಗಿ ಸ್ವಲ್ಪ ಸಡಿಲಾಯಿತು. ಎರಡು ವರ್ಷದಿಂದ ಹೆಂಡತಿಗೂ ಹೇಳದ ಮಾತು ಬಾಯಿಗೆ ಬಂತು. ಎದೆನೋವಾಗಿ ಅವರನ್ನು ಬಾಗಲಕೋಟೆಯ ಆಸ್ಪತ್ರೆಗೆ ಒಯ್ದಿದ್ದರು. ಯಂತ್ರಗಳ ನಡುವೆ ಮಲಗಿದ್ದಾಗ, ಇಡೀ ಜೀವಮಾನ ಹೇಳಿಕೊಂಡು ಬಂದ ಅರಿವು ಗಿರಿವು ಯಾವುದೂ ನೆನಪಾಗಲಿಲ್ಲ.

“‘ಎಲ್ಲಿದ್ದೀ ನೀ?’ ಅಂತ ಒದರಿದೆ. ಖರೇ ಹೇಳ್ತೇನ್ರಿ, ಸಣ್ಣ ಹುಡುಗರು ಅವ್ವನ್ನ ಕರದಂಗ. ಅಲ್ಲಿ ಆಫ್ರೀನ ಅಂತ ನರ್ಸಬಾಯಿ ಇದ್ಲು. ‘ಇಲ್ಲೇ ಅದೀನಿ ಅಜ್ಜಾ’ ಅಂದ್ಲು. ನನಗ ನಾಚಿಕಿ ಆತು. ದೇವರನ್ನ ನೀ ಅಂತ ಕರೆಯೂದು ಮೊದಲನೇ ಮೆಟ್ಟಿಲಾ, ನಾ ಅದನ್ನ ದಾಟೀನಿ ಅಂತ ತಿಳಿದಿದ್ದೆ.”

“ಆಮ್ಯಾಲ ಮತ್ತ ಕರದ್ರೇನು?”

“ಇಲ್ಲ. ಆರಾಮ ಆದೆ ನೋಡ್ರಿ.”

ಈ ಸಲ ಇಬ್ಬರೂ ನಕ್ಕರು. ಚಾಂದಸಾಬ ಬಂದು, ಗಾಳಿ ಸರಿ ಇದೆ ಎಂದು ಹೇಳಿ ಗಾಡಿ ಚಾಲೂ ಮಾಡಿದ.

ಗುಳೇದಗುಡ್ಡದಲ್ಲಿ ಗುರಪ್ಪನ ವಂಶದ ಯುವರಾಜ ಹಾದಿಮನಿಯ ಮನೆ ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಐವತ್ತರ ಆಸುಪಾಸಿನ ಯುವರಾಜ ಕುಪ್ಪಸದ ಖಣ ನೇಯುವ ಮನೆತನದವನು. ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮು, ಪಡಸಾಲೆಯಲ್ಲಿ ಅಪ್ಪನ ಕಾಲದ ಒಂದು ಕೈಮಗ್ಗ. ಬಂದವರಿಗಾಗಿ ಅವನು ಲೂಮು ನಿಲ್ಲಿಸಿದ. ಆ ಸದ್ದು ನಿಂತೊಡನೆ ಓಣಿಯಲ್ಲಿ ಕೋಳಿ ಕೆದರುವುದೂ ಕೇಳಿಸಿತು. ಅವನ ತಾಯಿ, ಎಂಬತ್ತನಾಲ್ಕರ ಸತ್ಯವ್ವ, ಕಿಟಕಿಯ ಬೆಳಕಿನಲ್ಲಿ ಕೂತು ರೇಷ್ಮೆ ಎಳೆಯನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಕಣ್ಣು ಮಂದವಾಗಿದ್ದರೂ ಬೆರಳು ಎಳೆ ತಪ್ಪುತ್ತಿರಲಿಲ್ಲ.

ಬಂದ ಕಾರಣ ಮಾರ್ಥಾರ ಫೋನಿನಲ್ಲೇ ತಿಳಿದಿದ್ದ ಯುವರಾಜ ಹೊಸ್ತಿಲಲ್ಲೇ ನಿಂತು ಬಾಗಿಲು ಅರ್ಧ ಮುಂದೆ ಮಾಡಿದ. “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಈಗಿನ ದಿನಮಾನ ನಿಮಗ ಗೊತ್ತಿಲ್ಲ. ಮನ್ಯಾಗ ಲಿಂಗ ಬಂತು ಅಂದ್ರ ನಮ್ಮ ಚರ್ಚಿನವರು ಒಂದು ಮಾತಾಡ್ತಾರ. ಲಿಂಗ ಕಸಗೊಂಡಿದ್ರಂತ ಅಂತ ಊರ ಮಂದಿ ಇನ್ನೊಂದು ಮಾತಾಡ್ತಾರ. ಜಂಗಮ ಅಯ್ಯಾರು ಬ್ಯಾರೆ ಸಂಗಾಟ ಬಂದಾರ.”

“ನಾ ಜಗಳಕ್ಕ ಬಂದಿಲ್ಲಪಾ,” ಎಂದರು ಮಾಸ್ತರರು. ಒಂದು ತಾಸಿನ ಹಿಂದೆ ಅವರು ಹಾಗೆ ಹೇಳುತ್ತಿದ್ದರೋ ಇಲ್ಲವೋ.

“ಯಾರಪಾ ಅದು, ಅಯ್ಯಾರೇನು?” ಸತ್ಯವ್ವ ಕಂಡಿಕೆ ಕೆಳಗಿಟ್ಟಳು. “ಬರ್ರಿ, ಕುಂದರ್ರಿ. ಯುವರಾಜಾ, ಮಂದಿ ಮಾತು ಆಮ್ಯಾಲ. ಮೊದಲ ಚಾಪಿ ಹಾಸು.”

ಎಲ್ಲರೂ ಕೂತರು. ಮಾರ್ಥಾ ಚೀಲದಿಂದ ಕೆಲವು ಹಾಳೆ ತೆಗೆದರು. ಅವರ ಮುತ್ತಾತ ಪಾದ್ರಿ ತಮ್ಮ ಊರಿನಲ್ಲಿದ್ದ ತಂಗಿಗೆ ಬರೆದ ಪತ್ರದ ನಕಲು, ಹಳೆಯ ಜರ್ಮನ್ ಬರಹ. ಸಾಲನ್ನು ಮನಸ್ಸಿನಲ್ಲಿ ಓದಿಕೊಂಡು, ಶಬ್ದ ಹುಡುಕುತ್ತ, ನಿಧಾನವಾಗಿ ಕನ್ನಡದಲ್ಲಿ ಹೇಳತೊಡಗಿದರು.

“ಗುರಪ್ಪ ತಾನ ಬಂದ. ಅವನಿಗೆ ಅಬ್ರಹಾಮ ಅಂತ ಹೆಸರು ಇಟ್ಟೆ. ಲಿಂಗ ತೆಗೆದು ನನ್ನ ಕೈಯಾಗ ಕೊಡುವಾಗ ಅಂವ ಅಳಲಿಲ್ಲ. ನನಗ ಅಳು ಬಂತು, ಯಾಕ ಅಂತ ತಿಳೀಲಿಲ್ಲ.” ಮಾರ್ಥಾ ಹಾಳೆ ತಿರುವಿದರು. “ಮೂರು ತಿಂಗಳ ಆದ ಮ್ಯಾಲ ಒಂದಿನ ಮುಂಜಾನೆ ಅವನ ಮನಿಗೆ ಹೋದೆ. ಅಂವ ಮಗ್ಗದ ಪಕ್ಕ ಕುಂತಿದ್ದ. ಎಡಗೈ ತೊಡಿ ಮ್ಯಾಲ ತೆರೆದು ಇಟ್ಟಿದ್ದ. ಕೈಯಾಗ ಏನೂ ಇರಲಿಲ್ಲ. ಆ ಖಾಲಿ ಅಂಗೈ ಅಂವ ನೋಡ್ಕೋತ ಕುಂತಿದ್ದ, ಮೊದಲ ಲಿಂಗ ಇಟ್ಟು ನೋಡ್ತಿದ್ನಲ್ಲ, ಹಂಗ. ನನಗ ಸಿಟ್ಟು ಬಂತು. ಇನ್ನೂ ಹಳೇದನ್ನ ಬಿಟ್ಟಿಲ್ಲೇನು, ಏನ ನೋಡ್ತಿ ಅಂತ ಕೇಳಿದೆ.”

ಮಾರ್ಥಾ ಅಲ್ಲಿಗೆ ನಿಂತರು. “ಇಲ್ಲಿ ಅವರು ಜರ್ಮನ್ ಬಿಟ್ಟು ಕನ್ನಡ ಅಕ್ಷರದಾಗ ಬರದಾರ್ರಿ. ನನಗ ಮಾತಾಡಾಕ ಬರ್ತೈತಿ, ಓದಾಕ ಬರೂದಿಲ್ಲ. ಇಷ್ಟು ದಿನ ಇದರಾಗ ಏನೈತಿ ಅಂತ ನನಗೂ ಗೊತ್ತಿಲ್ಲ. ಇವರ ಮನ್ಯಾಗ ಓದಿಸಬೇಕು ಅಂತ ಯಾರಿಗೂ ತೋರಿಸಿಲ್ಲ.”

ಹಾಳೆ ಯುವರಾಜನ ಕೈಗೆ ಹೋಯಿತು. ಅವನು ಕಣ್ಣು ಕಿರಿದು ಮಾಡಿ ನೋಡಿ ಮಾಸ್ತರರಿಗೆ ದಾಟಿಸಿದ. ಜರ್ಮನ್ ಸಾಲುಗಳ ನಡುವೆ, ಸಾಲಿ ಹುಡುಗ ತಿದ್ದಿದ ಹಾಗೆ ದಪ್ಪಗೆ, ಒತ್ತಕ್ಷರ ಅಲ್ಲಲ್ಲಿ ತಪ್ಪಿದ ಎರಡು ಸಾಲು ಕನ್ನಡವಿತ್ತು. ಮಾಸ್ತರರು ದನಿ ಎತ್ತಿ ಓದಿದರು.

“ಮೊದಲ ನಾ ನೋಡ್ತಿದ್ದೆ. ಈಗ ಅಂವ ನನ್ನ ನೋಡ್ತಾನ. ಕುಂತ ಜಾಗಾ ಅದ ಐತ್ರಿ.”

ಮಾಸ್ತರರು ಅದನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ಓದಿಕೊಂಡರು. ಬಾಗಲಕೋಟೆಯಲ್ಲಿ ತಾವು ಎಲ್ಲಿದ್ದೀ ಎಂದು ಕೂಗಿದಾಗ ಯಾರನ್ನು ಕೂಗಿದ್ದು ಎಂದು ಅವರು ಎಷ್ಟೋ ಸಲ ಯೋಚಿಸಿದ್ದರು.

“ಮುಂದ?” ಎಂದಳು ಸತ್ಯವ್ವ.

ಮಾರ್ಥಾ ಹಾಳೆ ಮರಳಿ ಪಡೆದು ಮುಂದುವರಿಸಿದರು. “ಬ್ಯಾಡ ಅನ್ನಬೇಕಿತ್ತು. ನಾ ಅನ್ನಲಿಲ್ಲ. ಮರುದಿನ ಬಾಗಲಾ ಹಾಕ್ಕೊಂಡು ನಾನೂ ಕೈ ತೆರೆದು ಕುಂತೆ. ಏನಾತು ಅಂತ ನಿನಗ ಬರಿಯೂದಿಲ್ಲ, ಬರಿಯಾಕ ಬರೂದಿಲ್ಲ. ಇದನ್ನ ಇಲ್ಲಿಯವರಿಗೆ ಯಾರಿಗೂ ಹೇಳಿಲ್ಲ. ನೀನೂ ಹೇಳಬ್ಯಾಡ.”

ಯುವರಾಜ ತಾಯಿಯ ಕಡೆ ನೋಡುತ್ತಿದ್ದ. “ಯವ್ವಾ,” ಎಂದ, “ನಮ್ಮ ಕೈ.”

“ಹೂಂನಪಾ,” ಎಂದಳು ಸತ್ಯವ್ವ.

ಮಾರ್ಥಾಗೂ ಮಾಸ್ತರರಿಗೂ ಅರ್ಥವಾಗಲಿಲ್ಲ. ಯುವರಾಜನೇ ಹೇಳಿದ. ಚರ್ಚಿನಲ್ಲಿ ಪ್ರಾರ್ಥನೆಗೆ ಎಲ್ಲರೂ ಎರಡೂ ಕೈ ಜೋಡಿಸುತ್ತಾರೆ. ಹಾದಿಮನಿಯವರು ಮಾತ್ರ ಎಡಗೈಯನ್ನು ತೊಡೆಯ ಮೇಲೆ ತೆರೆದಿಡುತ್ತಾರೆ. ಅವನಪ್ಪ ಹಾಗೆ, ಅಜ್ಜ ಹಾಗೆ. ಸಣ್ಣವನಿದ್ದಾಗ ಸಂಡೇ ಸಾಲಿಯ ಹುಡುಗರು “ದೇವರ ಕಡೆ ಪೇಪರಮೆಂಟ್ ಬೇಡ್ತಾನ” ಎಂದು ಕಾಡಿಸುತ್ತಿದ್ದರು. ಅವನು ಅತ್ತುಕೊಂಡು ಮನೆಗೆ ಬಂದರೂ ತಾಯಿ ರೂಢಿ ಬಿಡಿಸಲಿಲ್ಲ.

“ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ಕಲಿಸಿದ್ಲು,” ಎಂದಳು ಸತ್ಯವ್ವ. “ಈ ಮನ್ಯಾಗ ಪ್ರಾರ್ಥನಿಗೆ ಕೈ ತೆರೀಬೇಕು, ಅಬ್ರಹಾಮಜ್ಜನಿಂದ ಬಂದದ್ದು ಅಂದ್ಲು. ಯಾಕ ಅಂತ ಅಕಿಗೂ ಗೊತ್ತಿರಲಿಲ್ಲ. ನಾ ಕೇಳಲಿಲ್ಲ. ಅರವತ್ತು ವರ್ಷ ತೆರೆದು ಕುಂತೀನಿ.”

“ಕುಂತಾಗ ಏನನಸ್ತೈತಿ ಅಮ್ಮಾ?” ಮಾರ್ಥಾರ ದನಿ ಹಗುರಾಗಿತ್ತು.

ಸತ್ಯವ್ವ ಸ್ವಲ್ಪ ಯೋಚಿಸಿದಳು. “ಮೊದಲ ಭಾಳ ಬೇಡ್ತಿದ್ದೆ. ಗಂಡಗ ಆರಾಮ ಕೊಡು, ಮಗಗ ಬುದ್ಧಿ ಕೊಡು. ವಯಸ್ಸಾದಂಗ ಬೇಡೂದು ತೀರಿಹೋತು. ಈಗ ಸುಮ್ಮ ಕುಂದರ್ತೇನಿ. ಅಂವಾನೂ ಸುಮ್ಮ ಇರ್ತಾನ. ಇದ್ದಾನ ಅನ್ನೂದು ಗೊತ್ತಿರ್ತೈತಿ, ಅಷ್ಟ. ನೀವೂ ಕುಂದರ್ರಿ ಬೇಕಾದ್ರ. ಅಡಿಗಿ ಆಗೂದು ಇನ್ನೂ ಅರ್ಧ ತಾಸು ಐತಿ.”

ಹೀಗೆ ಅವರು ಕೂತರು. ಬಾಗಿಲಲ್ಲಿ ನಿಂತಿದ್ದ ಚಾಂದಸಾಬನನ್ನೂ ಸತ್ಯವ್ವ ಒಳಗೆ ಕರೆದಳು. ಅವನು ಗೋಡೆಗೆ ಒರಗಿ, ತನ್ನ ರೂಢಿಯಂತೆ ಎರಡೂ ಅಂಗೈ ಮೇಲೆ ಮಾಡಿ ಕೂತ. ಮಾಸ್ತರರು ಕರಡಿಗೆಯಿಂದ ತಮ್ಮ ಲಿಂಗ ತೆಗೆಯಬೇಕೆಂದುಕೊಂಡರು, ಆಮೇಲೆ ಬೇಡವೆನಿಸಿತು. ಅದು ಎದೆಯ ಮೇಲಿದ್ದೇ ಇತ್ತು. ಎಡಗೈ ತೆರೆದು ತೊಡೆಯ ಮೇಲಿಟ್ಟರು.

ಐವತ್ತು ವರ್ಷದ ಅಭ್ಯಾಸದಿಂದ ಅವರಿಗೆ ಆ ನಿಶ್ಚಲತೆ ಬೇಗ ಬಂತು. ಉಸಿರು ತೆಳ್ಳಗಾಯಿತು. ಕೈ ಎಲ್ಲಿದೆ, ತಾವು ಎಲ್ಲಿ ಎನ್ನುವುದು ಮಸುಕಾಯಿತು. ಇದು ಅವರಿಗೆ ಪರಿಚಯದ ಜಾಗ. ಶಾಂತವಾದದ್ದು, ನಿಜ ಹೇಳಬೇಕೆಂದರೆ ಈಚೆಗೆ ಸ್ವಲ್ಪ ಒಣಗಿದ್ದು. ಆದರೆ ಇವತ್ತು ಇನ್ನೊಂದು ಸಂಗತಿಯಿತ್ತು. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುವಾಗ, ಬೆನ್ನು ತಿರುಗಿದ್ದರೂ, ಅರವತ್ತು ಮಕ್ಕಳ ಕಣ್ಣು ತಮ್ಮ ಮೇಲಿರುವುದು ಅವರಿಗೆ ಗೊತ್ತಾಗುತ್ತಿತ್ತು. ಹಾಗೆ ಗೊತ್ತಾಯಿತು. ಆ ನೋಟ ಎಲ್ಲಿಂದ ಬರುತ್ತಿದೆ ಎಂದು ಅವರು ಹುಡುಕಲು ಹೊರಟರು. ಹೊರಗೆಲ್ಲೂ ಇರಲಿಲ್ಲ. ತಮ್ಮೊಳಗೆ ಇದೆ ಅನ್ನೋಣವೆಂದರೆ, ಅದು ತಮ್ಮದಾಗಿರಲಿಲ್ಲ. ಅರಿವು ಎಂದು ಅವರು ಇಷ್ಟು ವರ್ಷ ಕರೆದದ್ದೇ ತಮ್ಮನ್ನು ಅರಿತಿತ್ತು. ಹುಡುಕುವುದನ್ನು ಬಿಟ್ಟರು. “ನೀ” ಎಂದು ಮನಸ್ಸಿನಲ್ಲಿ ಅಂದರು. ಈ ಸಲ ನಾಚಿಕೆಯಾಗಲಿಲ್ಲ.

ಅಡುಗೆಮನೆಯಲ್ಲಿ ಸೊಸೆ ರೊಟ್ಟಿ ಬಡಿಯುವುದು ನಿಂತಾಗ ಎಲ್ಲರೂ ಕಣ್ಣು ತೆರೆದರು. ಮಾರ್ಥಾರ ಗಲ್ಲ ಒದ್ದೆಯಾಗಿತ್ತು. ಆದರೆ ಮುಖ ತಿಳಿಯಾಗಿತ್ತು.

“ಬೆಟಗೇರಿಯಾಗ ನಾ ದಿನಾ ನೋಡ್ತಿದ್ದೆ,” ಎಂದರು. “ಕೂಸು ಹುಟ್ಟಿದ ಮ್ಯಾಲ ಬಾಣಂತಿ ಅದರ ಮುಖ ನೋಡ್ಕೋತ ಮಲಗ್ತಾಳ. ಒಂದು ಮಾತು ಆಡೂದಿಲ್ಲ. ಅಕಿ ಇಲ್ಲ ಅಂತ ನಾ ಎಂದಾದರ ತಿಳಿದಿದ್ದೇನೇನು? ನಾಕು ವರ್ಷ ನಾನ ಮಾತಾಡಿದ್ದು ಜಾಸ್ತಿ ಆತು ಕಾಣಸ್ತೈತಿ.”

“ನನಗೇನೂ ಅನಸಲಿಲ್ರಿ, ಕಾಲು ಜೋಮು ಹಿಡೀತು,” ಎಂದ ಯುವರಾಜ. ಎಲ್ಲರೂ ನಕ್ಕರು. ತಾನು ಒಂದು ಸಣ್ಣ ನಿದ್ದೆ ತೆಗೆದೆ ಎಂದು ಚಾಂದಸಾಬ ಒಪ್ಪಿಕೊಂಡ.

ಊಟವಾದ ಮೇಲೆ ಲಿಂಗದ ಮಾತು ಬಂತು. ಬಿಳಿ ವಸ್ತ್ರ ಬಿಚ್ಚಿ ನಡುವೆ ಇಟ್ಟರು. ಮಾಸ್ತರರು ತಮ್ಮ ವಿಚಾರ ಹೇಳಿದರು: ಲಿಂಗ ಅದರ ಒಡೆಯನ ಜೊತೆ ಮಣ್ಣಿಗೆ ಹೋಗುವುದು ಪದ್ಧತಿ, ಅಬ್ರಹಾಮಜ್ಜನ ಗೋರಿ ಚರ್ಚಿನ ಮಣ್ಣಿನಲ್ಲಿದ್ದರೆ, ಒಂದು ಗೇಣು ತೋಡಿ ಅಲ್ಲಿ ಇಟ್ಟುಬಿಡೋಣ. ಮಾರ್ಥಾ ತಲೆಯಾಡಿಸಿದರು. ಹೀಗೆ ತಮ್ಮ ಮನೆಯವರ ತಪ್ಪು ತೀರುತ್ತದೆ ಎಂದು ಅವರಿಗೂ ಅನಿಸಿತ್ತು. ಯುವರಾಜ ತುಟಿ ಕಚ್ಚಿಕೊಂಡ. ಗೋರಿ ತೋಡುವುದೆಂದರೆ ನಾಲ್ಕು ಜನರನ್ನು ಕೇಳಬೇಕು.

ಸತ್ಯವ್ವ ಒಪ್ಪಲಿಲ್ಲ.

“ಅಂವ ಕೈಯಾರೆ ಕೊಟ್ಟಾನ. ಅಳಲಿಲ್ಲ ಅಂತ ಕಾಗದದಾಗ ಐತಿ. ಈಗ ಒಯ್ದು ಅವನ ಎದಿ ಮ್ಯಾಲ ಇಟ್ರ, ನೀ ಕೊಟ್ಟದ್ದು ತಪ್ಪಾತು ಅಂದಂಗಾಗ್ತೈತಿ. ತಪ್ಪು ಯಾರದೂ ಇಲ್ಲ ಬಾಯಾರ. ನಿಮ್ಮ ಹಿರೇರೂ ಇಟ್ಕೊಂಡಾರ ಹೊರತು ಒಗದಿಲ್ಲ.”

“ಹಂಗಾರ ಏನ ಮಾಡೂಣು?” ಮಾಸ್ತರರು ಕೇಳಿದರು.

“ನನ್ನ ಕೈಯಾಗ ಕೊಡ್ರಿ.”

ಮಾರ್ಥಾ ಮಾಸ್ತರರ ಕಡೆ ನೋಡಿದರು. ಬೆಳಿಗ್ಗೆ ಮುಟ್ಟಲು ಒಲ್ಲೆನೆಂದವರು ಈಗ ಮುಂದೆ ಸರಿದು, ಎರಡೂ ಕೈಯಿಂದ ಲಿಂಗವನ್ನು ಎತ್ತಿ, ಮುದುಕಿಯ ತೆರೆದ ಎಡಗೈಯಲ್ಲಿಟ್ಟರು. ಅವಳು ಅದನ್ನು ಮುಖದ ಹತ್ತಿರ ತಂದು ನೋಡಿದಳು. ಬೆರಳಿನಿಂದ ಬಿರಿದ ಜಾಗ ಸವರಿದಳು.

“ಹಗರ ಐತಲ್ಲ,” ಎಂದಳು. “ನಾ ಭಾರ ಇರ್ತೈತಿ ಅಂತ ತಿಳಿದಿದ್ದೆ.” ಆಮೇಲೆ ಮಗನಿಗೆ ಹೇಳಿದಳು: “ಯುವರಾಜಾ, ಯಾರಿಗೂ ಕೇಳೂದು ಬ್ಯಾಡ, ಗೋರಿ ತೋಡೂದೂ ಬ್ಯಾಡ. ನಾ ಇನ್ನೆಷ್ಟು ದಿನ? ಈ ಮನಿ ಹಿರೇರೆಲ್ಲ ಇದ್ದಲ್ಲಿಗೆ ನಾನ ಹೊಂಟೀನಿ. ನನ್ನ ಪೆಟಗ್ಯಾಗ ಇದನ್ನ ಇಟ್ಟು ಕಳಸು. ಅಜ್ಜಗ ನಾನ ಕೊಡ್ತೇನಿ. ಬೇಕಂದ್ರ ಇಟ್ಕೊಳ್ಳಿ, ಬ್ಯಾಡಂದ್ರ ಅಲ್ಲೇ ದೇವರು ಇರ್ತಾನ, ಅವನ ಕೈಯಾಗ ಕೊಡ್ಲಿ. ಅವರಿಬ್ಬರ ನಡುವಿನ ಮಾತಿಗೆ ನಾವ್ಯಾಕ?”

ಮಾಸ್ತರರು ಕೈಮುಗಿದರು. ತಾವು ಮೂವತ್ತು ವರ್ಷ ಮಠದಲ್ಲಿ ಭಾಷಣ ಮಾಡಿದ್ದು ಅವರಿಗೆ ಆ ಗಳಿಗೆಯಲ್ಲಿ ಬಹಳ ಉದ್ದವೆನಿಸಿತು.

ಯುವರಾಜ ಮಗ್ಗದ ಪಕ್ಕದಿಂದ ಒಂದು ಖಣದ ತುಂಡು ತಂದ. ಕಡುಗೆಂಪು ಬಣ್ಣ, ಹಸಿರು ಅಂಚು. ಸತ್ಯವ್ವ ಅಲ್ಲೇ ಕೂತು, ಸೂಜಿಗೆ ದಾರವನ್ನು ಮಾರ್ಥಾರ ಕೈಯಿಂದ ಪೋಣಿಸಿಕೊಂಡು, ಒಂದು ಸಣ್ಣ ಚೀಲ ಹೊಲಿದಳು. ಹೊಲಿಯುವಾಗ ಮಾರ್ಥಾರಿಗೆ ಎಷ್ಟು ಮಕ್ಕಳು, ಯಜಮಾನರಿಗೆ ಏನಾಗಿತ್ತು, ಅವರ ಊರಲ್ಲಿ ಹೆಣ್ಣುಮಕ್ಕಳು ಏನುಟ್ಟುಕೊಳ್ಳುತ್ತಾರೆ ಎಂದೆಲ್ಲ ವಿಚಾರಿಸಿದಳು. ಸಂಜೆಯ ಹೊತ್ತಿಗೆ ಅವರಿಬ್ಬರೂ ತುಂಬಾ ದಿನದ ಪರಿಚಯದವರ ಹಾಗೆ ಕೂತಿದ್ದರು. ಮಾಸ್ತರರೂ ಚಾಂದಸಾಬನೂ ಮಾರ್ಥಾರನ್ನು ಎಬ್ಬಿಸಿಕೊಂಡು ಹೊರಡಲು ಮೂರು ಸಲ ಕರೆಯಬೇಕಾಯಿತು.

ಕಮತಗಿಗೆ ಮರಳಿದ ಮೇಲೆ ಮಾಸ್ತರರು ಸಂಗವ್ವನಿಗೆ ಎಲ್ಲ ಹೇಳಿದರು, ಬಾಗಲಕೋಟೆಯ ಕೂಗಿನ ಸಂಗತಿಯೂ ಸೇರಿ. ಅವಳು ರೊಟ್ಟಿ ಬುಟ್ಟಿ ಮುಚ್ಚಿಡುತ್ತ, “ಅದು ನನಗ ಆವತ್ತ ಗೊತ್ತು. ಆಫ್ರೀನ ಹೇಳಿದ್ಲು,” ಎಂದಳು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಮಾರ್ಥಾ ಊರಿಗೆ ಹೋದವರು ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಅವರ ಹಳ್ಳಿಯ ಚರ್ಚಿನಲ್ಲಿ ಬುಧವಾರ ಏಳೆಂಟು ಜನ ಸೇರಿ ಅರ್ಧ ತಾಸು ಮಾತಿಲ್ಲದೆ ಕೂರುತ್ತಾರಂತೆ. ಅಲ್ಲಿನ ಪಾದ್ರಿಗೆ ಮೊದಲು ಇದು ಸರಿ ಬರಲಿಲ್ಲ, ಈಗ ಅವರೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರಂತೆ. ಪತ್ರದ ಆ ಎರಡು ಸಾಲನ್ನು ಓದುವಷ್ಟು ಕನ್ನಡ ಅಕ್ಷರವನ್ನು ಮಾರ್ಥಾ ಕಲಿತಿದ್ದಾರೆ.

ರಾಚಯ್ಯ ಮಾಸ್ತರರು ಮುಂಜಾನೆಯ ಪೂಜೆ ಬಿಟ್ಟಿಲ್ಲ. ಲಿಂಗವನ್ನು ನೋಡುತ್ತಾರೆ, ಮೊದಲಿನ ಹಾಗೆ. ಮಠದಲ್ಲಿ ಯಾರಾದರೂ ಮಾತಾಡಲು ಕರೆದರೆ, ಅರಿವಿನ ಬಗ್ಗೆ ಹೇಳುವಾಗ ಒಮ್ಮೊಮ್ಮೆ ನಡುವೆ ನಿಂತು, ಆ ಅರಿವಿಗೆ ನಿಮ್ಮ ಹೆಸರು ಗೊತ್ತಿದೆಯೇ ಎಂದು ಕೇಳುತ್ತಾರೆ. ಹಿರಿಯರೊಬ್ಬರು ಇದು ದ್ವೈತವಾಯಿತಲ್ಲ ಎಂದು ಆಕ್ಷೇಪಿಸಿದ್ದರು. ಆಗಿರಬಹುದು, ನನಗೆ ಎರಡು ಅನ್ನಲೂ ಬರುವುದಿಲ್ಲ, ಒಂದು ಅನ್ನಲೂ ಬರುವುದಿಲ್ಲ ಎಂದು ಮಾಸ್ತರರು ಕೂತುಕೊಂಡರು.

ಸತ್ಯವ್ವನಿಗೆ ಎಂಬತ್ತಾರು ತುಂಬಿತು. ಗುಳೇದಗುಡ್ಡದ ಕಡೆ ಕೆಲಸವಿದ್ದಾಗಲೆಲ್ಲ ಮಾಸ್ತರರು ಅವಳ ಮನೆಗೆ ಹೋಗಿ, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಅವಳ ಜೊತೆ ಸುಮ್ಮನೆ ಕೂತು ಬರುತ್ತಾರೆ. ಕಳೆದ ವಾರ ಹೋದಾಗ, ಹೊರಡುವ ಹೊತ್ತಿಗೆ, ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು.

“ಛಲೋ ಐತ್ರಿ ಅಯ್ಯಾರ,” ಎಂದಳು ಸತ್ಯವ್ವ, ಎಳೆಯಿಂದ ಕಣ್ಣೆತ್ತದೆ. “ಹೋಗೂದು ಐತಿ, ಅವಸರ ಇಲ್ಲ. ಮೊಮ್ಮಗಳ ಮದುವಿಗೆ ಇನ್ನೂ ಹನ್ನೆರಡು ಖಣ ನೇಯೂದು ಬಾಕಿ ಐತಿ.”

ಒಳಗೆ ಯುವರಾಜ ಲೂಮು ಚಾಲೂ ಮಾಡಿದ. ಆ ಸದ್ದಿನಲ್ಲಿ ಮಾಸ್ತರರು ಹೇಳಿದ ಉತ್ತರ ಅವಳಿಗೆ ಕೇಳಿಸಲಿಲ್ಲ. ಕೈ ಬೀಸಿ, ಮುಂದಿನ ಸಲ ಸಂಗವ್ವನನ್ನೂ ಕರೆದುಕೊಂಡು ಬನ್ನಿ ಎಂದು ಸನ್ನೆ ಮಾಡಿದಳು.